ಸೋಮವಾರ ಬೆಳಗಿನ ಇಸ್ಪೀಟು

ಮೂವತ್ತೆರಡನೆಯ ವಯಸ್ಸಿಗೆ ನಿವೃತ್ತಳಾದೆ ಎಂದು ಬರೆದರೆ ಓದುವವರಿಗೆ ನಗು ಬರಬಹುದು. ಆದರೆ ನಾನು ಆ ಕೆಲಸ ಬಿಟ್ಟದ್ದಕ್ಕೆ ಬೇರೆ ಪದ ನನಗೆ ತೋಚುವುದಿಲ್ಲ. ರಾಜೀನಾಮೆ ಕೊಡೋಣವೆಂದರೆ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಬೀಳ್ಕೊಡುಗೆಯ ಹಾರವೂ ಇರಲಿಲ್ಲ. ಕೆಲವು ವರ್ಷ ಕಂಪ್ಯೂಟರಿನ ಮುಂದೆ ಕೂತು ಪೋಕರ್ ಆಡಿದೆ, ಅದರಿಂದಲೇ ಬದುಕಿದೆ, ಒಂದು ಸೋಮವಾರ ಎದ್ದುಬಿಟ್ಟೆ.

ಈಚೆಗೆ ಇಂಜಿನಿಯರಿಂಗ್ ಓದುವ ಇಬ್ಬರು ಹುಡುಗರು ಯಾರಿಂದಲೋ ನನ್ನ ವಿಷಯ ತಿಳಿದು ಮನೆ ಹುಡುಕಿಕೊಂಡು ಬಂದಿದ್ದರು. ಅವರಿಗೆ ಈ ಕೆಲಸಕ್ಕೆ ಇಳಿಯುವ ಆಸೆ. ಎಷ್ಟು ಟೇಬಲ್ ಆಡುತ್ತಿದ್ದಿರಿ, ಯಾವ ಸಾಫ್ಟ್‌ವೇರ್ ಬಳಸುತ್ತಿದ್ದಿರಿ ಎಂದೆಲ್ಲ ಕೇಳಿದ ಮೇಲೆ ಒಬ್ಬ ತಡೆಯಲಾರದೆ, “ಮೇಡಂ, ತಪ್ಪು ತಿಳ್ಕೋಬೇಡಿ, ಕೊನೇಲಿ ಸೋತ್ಬುಟ್ರಾ?” ಎಂದ. ಇಲ್ಲ ಎಂದೆ. ಬಿಡುವ ಹೊತ್ತಿಗೆ ನಾನು ಎಂದಿಗಿಂತ ಚೆನ್ನಾಗಿ ಆಡುತ್ತಿದ್ದೆ. ನನ್ನ ಅಕ್ಕನ ಗಂಡನನ್ನು ಆ ಮೇಜಿನಿಂದ ಏಳಿಸಬೇಕಿತ್ತು, ಅದಕ್ಕೆ ನಾನು ಏಳಬೇಕಾಯಿತು. ಇಷ್ಟನ್ನು ಆ ಹುಡುಗರಿಗೆ ಹೇಳಲು ನನ್ನಿಂದ ಆಗಲಿಲ್ಲ. ಬರೆಯುವುದು ನನಗೆ ಮಾತಾಡುವುದಕ್ಕಿಂತ ಸುಲಭ. ಅವರಂಥವರಿಗಾಗಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಪ್ರತಿಯೊಬ್ಬರಿಗೂ ಎರಡೆರಡು ಎಲೆ ಬರುತ್ತವೆ, ಅವನ್ನು ಯಾರಿಗೂ ತೋರಿಸುವಂತಿಲ್ಲ. ನಡುವೆ ಐದು ಎಲೆ ಹಂತಹಂತವಾಗಿ ತೆರೆಯುತ್ತವೆ, ಅವು ಎಲ್ಲರವೂ ಹೌದು. ಈ ಏಳರಲ್ಲಿ ಯಾರ ಐದು ಎಲೆ ಮೇಲೋ ಅವರು ಗೆದ್ದಂತೆ. ಹಂತಹಂತಕ್ಕೂ ಪಣ ಕಟ್ಟಬೇಕು, ಇಲ್ಲವೇ ಎಲೆ ಎಸೆದು ಸುಮ್ಮನೆ ಕೂರಬೇಕು. ಸಿನಿಮಾದಲ್ಲಿ ಪಣ ಕಟ್ಟುವುದನ್ನೇ ತೋರಿಸುತ್ತಾರೆ. ನಿಜವಾದ ಕೆಲಸ ಎಸೆಯುವುದು. ನನ್ನ ಬೆಳಗುಗಳೆಲ್ಲ ಎಲೆ ನೋಡುವುದು, ಎಸೆಯುವುದು, ಮತ್ತೆ ನೋಡುವುದು, ಮತ್ತೆ ಎಸೆಯುವುದರಲ್ಲಿ ಕಳೆದವು. ಅಕ್ಕಿ ಆರಿಸುವ ಹೆಂಗಸಿನ ಬೆನ್ನು ಹೇಗೆ ನೋಯುತ್ತದೋ ನನ್ನದೂ ಹಾಗೇ ನೋಯುತ್ತಿತ್ತು.

ಬೆಳಗು ಎಂದೆ. ಈ ಕೆಲಸ ರಾತ್ರಿಯದು ಎಂದು ಎಲ್ಲರೂ ತಿಳಿದಿದ್ದಾರೆ. ಅಮೆರಿಕದವರಿಗೆ ಅದು ರಾತ್ರಿ. ಅವರು ಊಟ ಮುಗಿಸಿ ಬಿಯರ್ ಹಿಡಿದು ಕೂರುವ ಹೊತ್ತಿಗೆ ಮೈಸೂರಿನಲ್ಲಿ ಹಾಲಿನವನು ಬಂದು ಹೋಗಿರುತ್ತಾನೆ. ಅವರ ಭಾನುವಾರದ ರಾತ್ರಿಯೇ ವಾರದಲ್ಲಿ ದೊಡ್ಡದು, ಅಂದರೆ ನನ್ನ ಸೋಮವಾರದ ಬೆಳಗು. ನಮ್ಮದು ಶೈವರ ಮನೆ, ಸೋಮವಾರ ಶಿವನ ದಿನ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಒಂದು ಲೋಟ ಕಾಫಿ ಹಿಡಿದು ಇಸ್ಪೀಟಾಡಲು ಕೂರುತ್ತಿದ್ದೆ. ಇದು ಸರಿಯೇ ಎಂದು ನನ್ನನ್ನು ಯಾರೂ ಕೇಳಲಿಲ್ಲ, ಏಕೆಂದರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರು, ಅಪ್ಪ ಮತ್ತು ಭಾವ.

ನಮ್ಮದು ಮಂಡಿ ಮೊಹಲ್ಲಾದಲ್ಲಿ ಹಗ್ಗ, ಗೋಣಿಚೀಲದ ಸಗಟು ಅಂಗಡಿ. ಮನೆ ಅಂಗಡಿಯ ಮೇಲೆ. ತೊಂಬತ್ತರ ದಶಕದ ಕೊನೆಯಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿ ಪಾಠ ಮಾಡುತ್ತಿದ್ದೆ. ಸಂಭವನೀಯತೆಯ ಪಾಠಕ್ಕೆ ಇಸ್ಪೀಟಿನ ಉದಾಹರಣೆ ಕೊಡದೆ ಗತಿಯಿಲ್ಲ. ಉದಾಹರಣೆ ಹುಡುಕಲು ಇಂಟರ್‌ನೆಟ್ ಕೇಂದ್ರಕ್ಕೆ ಹೋದವಳು ಪೋಕರ್ ನೋಡಿದೆ. ಜನ ಎಷ್ಟು ತಪ್ಪು ಲೆಕ್ಕ ಹಾಕುತ್ತಿದ್ದರೆಂದರೆ, ಉತ್ತರ ಪತ್ರಿಕೆ ತಿದ್ದುವವಳಿಗೆ ಕೈ ತುರಿಸಿತು. ಆರಂಭ ಅಷ್ಟೇ. ದುಡ್ಡಿನ ಆಸೆ ಆಮೇಲೆ ಬಂತು.

ಅಪ್ಪನಿಗೆ ನಾನೇ ಹೇಳಿದೆ. ಮಧ್ಯಾಹ್ನ ಅಂಗಡಿಯಲ್ಲಿ ಜನ ಇಲ್ಲದ ಹೊತ್ತು. ಅವರು ಬೈಯುತ್ತಾರೆಂದು ಸಿದ್ಧಳಾಗಿದ್ದೆ. ಅವರು ವ್ಯಾಪಾರದವರ ಪ್ರಶ್ನೆ ಕೇಳಿದರು.

“ಗಿರಾಕಿ ಯಾರು?”

“ಗೊತ್ತಿಲ್ಲಪ್ಪ. ಅಮೆರಿಕದೋರು ಜಾಸ್ತಿ.”

“ಮುಖ ಕಾಣಲ್ವಾ?”

“ಇಲ್ಲ.”

“ಅವರು ಕೊಟ್ಟಿದ್ದಕ್ಕೆ ನೀನೇನು ಕೊಡ್ತೀಯ?”

ಎಂ.ಎಸ್ಸಿ.ಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಅಷ್ಟರಲ್ಲಿ ಯಾರೋ ಹಗ್ಗ ಕೇಳಿಕೊಂಡು ಬಂದರು, ಅಪ್ಪ ಅಳೆಯಲು ಎದ್ದರು. ಆಮೇಲೆ ಅವರು ಆ ಮಾತು ಎತ್ತಲೇ ಇಲ್ಲ. ನೆಂಟರು ಕೇಳಿದರೆ ಮಗಳು ಲೆಕ್ಕದ ಕೆಲಸ ಮಾಡುತ್ತಾಳೆ ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಭಾವನ ರೀತಿಯೇ ಬೇರೆ. ಹೆಸರು ಮಲ್ಲೇಶ್, ಪಾಲಿಟೆಕ್ನಿಕ್ ಒಂದರಲ್ಲಿ ಬೋಧಕರು, ವೈರು ಸೋಲ್ಡರು ಎಂದರೆ ಪ್ರಾಣ. ಕೇಳಿದ ಕೂಡಲೇ ಹೊಟ್ಟೆ ಹಿಡಿದು ನಕ್ಕರು. “ಇಸ್ಪೀಟಲ್ಲಿ ಎಂ.ಎಸ್ಸಿ. ಮಾಡಿರೋಳು ಇಡೀ ಮೈಸೂರಿಗೆ ನೀನೊಬ್ಳೇ ಕಣಮ್ಮ” ಎಂದರು. ಮಂಡಿ ಮೊಹಲ್ಲಾದ ನಮ್ಮ ಫೋನ್ ಲೈನಿನಲ್ಲಿ ಗುಂಯ್‌ಗುಟ್ಟುವ ಶಬ್ದ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಅವರ ಮನೆ ಶ್ರೀರಾಂಪುರದಲ್ಲಿ, ಹೊಸ ಬಡಾವಣೆ, ಹೊಸ ಕೇಬಲ್. ಮುಂದಿನ ಕೋಣೆ ಖಾಲಿ ಮಾಡಿಸಿದರು. ಎರಡನೆಯ ಲೈನಿಗೆ ತಾವೇ ಓಡಾಡಿದರು, ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿದರು. ಅಕ್ಕ ಗೌರಿಗೆ ನಾನು ವಿದೇಶದ ಕಂಪನಿಗೆ ಅಂಕಿ ಅಂಶ ನೋಡುತ್ತೇನೆ ಎಂದು ಹೇಳಿದ್ದೂ ಭಾವನೇ. ಅಕ್ಕ ಒಳ್ಳೆಯವಳು, ಆದರೆ ಇಸ್ಪೀಟು ಎಂದರೆ ಮನೆಯೊಳಗೆ ಚಪ್ಪಲಿ ತಂದ ಹಾಗೆ ಅವಳಿಗೆ.

ಹೀಗೆ ದಿನಾ ಮೊದಲ ಬಸ್ಸಿನಲ್ಲಿ ಶ್ರೀರಾಂಪುರಕ್ಕೆ ಹೋಗಿ ಆಡಿ, ಮಧ್ಯಾಹ್ನದ ಪಾಠಕ್ಕೆ ಕಾಲೇಜಿಗೆ ಹೋಗುತ್ತಿದ್ದೆ. ಎರಡು ವರ್ಷ ಕಳೆಯುವುದರೊಳಗೆ ಪಾಠ ಬಿಟ್ಟೆ.

ನನ್ನ ಮೇಲಧಿಕಾರಿ ಎನ್ನಬಹುದಾದವರು ಒಬ್ಬರಿದ್ದರು. ಸೇತುರಾಮನ್ ಎಂದು, ಚೆನ್ನೈನವರು, ವಿಮೆಯ ಲೆಕ್ಕ ಮಾಡುತ್ತಿದ್ದು ಬಿಟ್ಟು ಆಟಕ್ಕೆ ಬಂದವರು. ನಮ್ಮಂಥ ಕೆಲವರಿಗೆ ಬಂಡವಾಳ ಹಾಕಿ, ಆಟ ತಿದ್ದಿ, ಗೆಲುವಿನಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದರು. ಅವರ ಮುಖ ನಾನು ಒಮ್ಮೆಯೂ ನೋಡಲಿಲ್ಲ. ವಾರಕ್ಕೊಮ್ಮೆ ನನ್ನ ಆಟಗಳನ್ನು ಅವರಿಗೆ ಕಳಿಸಬೇಕು. ಅವರು ತಪ್ಪು ಕಂಡಲ್ಲಿ ‘ಯಾಕೆ?’ ಎಂದು ಒಂದೇ ಪದ ಬರೆದು ವಾಪಸು ಕಳಿಸುತ್ತಿದ್ದರು. ಗೆದ್ದ ಆಟಕ್ಕೂ ‘ಯಾಕೆ?’ ಎಂದು ಬರುತ್ತಿತ್ತು. ತಪ್ಪಾಗಿ ಆಡಿ ಗೆದ್ದದ್ದಕ್ಕಿಂತ ಸರಿಯಾಗಿ ಆಡಿ ಸೋತದ್ದು ಮೇಲು ಎಂಬುದನ್ನು ಅವರು ನನಗೆ ಒಮ್ಮೆಯೂ ಬಾಯಿಬಿಟ್ಟು ಹೇಳದೆ ಕಲಿಸಿದರು. ಹೊಗಳಿಕೆ ಎಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಅದು ಇಲ್ಲದೆಯೂ ಕೆಲಸ ಮಾಡಬಹುದು ಎಂದು ರೂಢಿಯಾಯಿತು.

ಒಮ್ಮೆ ಅವರು ಸ್ವಲ್ಪ ಉದ್ದವಾಗಿ ಬರೆದರು. ನೀನು ದಿನದ ಮೊದಲ ಅರ್ಧ ಗಂಟೆಯಲ್ಲಿ ಬೇರೆ ಯಾರೋ ಆಡಿದ ಹಾಗೆ ಆಡುತ್ತೀ, ಆಮೇಲೆ ಸರಿಹೋಗುತ್ತೀ, ಯಾಕೆ? ನಾನು ನಂಬಲಿಲ್ಲ. ಹಳೆಯ ಆಟಗಳನ್ನೆಲ್ಲ ತೆಗೆದು ನೋಡಿದರೆ ನಿಜ. ಕೂತ ಕೂಡಲೇ ಎಸೆಯಬೇಕಾದ ಎಲೆಗಳನ್ನೆಲ್ಲ ಹಿಡಿದುಕೊಂಡು ಪಣ ಕಟ್ಟುತ್ತಿದ್ದೆ. ಒಂದು ಸಲ, ಎಷ್ಟೇ ಚಿಕ್ಕದಾಗಲಿ, ಗೆದ್ದ ಮೇಲೆ ನನ್ನ ಕೈ ತಣ್ಣಗಾಗುತ್ತಿತ್ತು. ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ಅದು ಬೋಣಿ.

ಅಂಗಡಿಯ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ದಿನದ ಮೊದಲ ವ್ಯಾಪಾರ ಬೋಣಿ. ಮೊದಲು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ನಷ್ಟವಾದರೂ ಸರಿ ಕೊಡಬೇಕು, ಬೋಣಿಯಾಗದೆ ಅಪ್ಪ ನೀರು ಕೂಡ ಕುಡಿಯುತ್ತಿರಲಿಲ್ಲ. ನಾನು ಸಂಖ್ಯಾಶಾಸ್ತ್ರ ಓದಿ, ಪ್ರತಿ ಹಂಚಿಕೆಯೂ ಹಿಂದಿನದಕ್ಕೆ ಸಂಬಂಧಪಡದ್ದು ಎಂದು ತರಗತಿಯಲ್ಲಿ ಬೋರ್ಡಿನ ಮೇಲೆ ಸಾಧಿಸಿ ತೋರಿಸಿದವಳು. ಆದರೂ ಬೆಳಿಗ್ಗೆ ಎಲೆ ಕೈಗೆ ಬಂದರೆ ಬೋಣಿಯಾಗುವ ತನಕ ಎಸೆಯಲು ಕೈ ಬರುತ್ತಿರಲಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಸೇತುರಾಮನ್ ಅವರಿಗೆ ಹೇಗೆ ಬರೆಯುವುದೆಂದು ಒದ್ದಾಡಿ, ಮೊದಲ ವ್ಯಾಪಾರದ ಪದ್ಧತಿ ಎಂದೆಲ್ಲ ಒಂದು ಪುಟ ಬರೆದೆ. ಉತ್ತರ ಬಂತು: ತಮಿಳಲ್ಲೂ ಅದೇ, ಪೋಣಿ ಅಂತ ಹೇಳು, ನಮ್ಮ ತಂದೆಗೂ ಮಾಂಬಲದಲ್ಲಿ ಪಾತ್ರೆ ಅಂಗಡಿ ಇತ್ತು. ಮೊದಲ ಅರ್ಧ ಗಂಟೆ ಕೂತು ನೋಡು, ಆಡಬೇಡ ಎಂದು ಅಪ್ಪಣೆ ಮಾಡಿದರು.

ಭಾವನಿಗೆ ಹೇಳಿದಾಗ ಅವರು ಬೇರೆ ಮದ್ದು ಕೊಟ್ಟರು. ಮಾರನೆಯ ಬೆಳಿಗ್ಗೆ ನಾನು ಕಂಪ್ಯೂಟರ್ ಹಾಕುವ ಹೊತ್ತಿಗೆ ಬಂದು ಮೇಜಿನ ಮೇಲೆ ಒಂದು ರೂಪಾಯಿ ಇಟ್ಟು, ನನ್ನ ಪೆನ್ಸಿಲ್ ತೆಗೆದುಕೊಂಡು ಕಿವಿಯ ಮೇಲೆ ಸಿಕ್ಕಿಸಿಕೊಂಡರು. “ಆಯ್ತಲ್ಲ, ಬೋಣಿ ಆಯ್ತು. ಈಗ ಎಸಿ” ಎಂದರು. ನಗು ಬಂತು, ಆದರೆ ಅಂದು ನಿಜವಾಗಿಯೂ ಎಸೆದೆ. ಕೆಲವು ತಿಂಗಳು ಹೀಗೇ ನಡೆಯಿತು. ಅವರ ಬಳಿ ಪೆನ್ಸಿಲ್‌ಗಳ ಕಟ್ಟೇ ಆಯಿತು.

ಎಡವಟ್ಟುಗಳಿಗೆ ಕೊರತೆಯಿರಲಿಲ್ಲ. ಲೋಡ್‌ಶೆಡ್ಡಿಂಗ್ ಬಡಾವಣೆಗೊಂದು ಸರದಿಯಂತೆ ಬರುತ್ತಿತ್ತು. ಈ ವಾರ ಆರರಿಂದ ಎಂಟು, ಮುಂದಿನ ವಾರ ಎಂಟರಿಂದ ಹತ್ತು. ಭಾವ ಯು.ಪಿ.ಎಸ್. ಕೂರಿಸಿದರು. ಮೊದಲ ಬಾರಿಗೆ ದೊಡ್ಡ ಟೂರ್ನಮೆಂಟಿನಲ್ಲಿ ಸಾವಿರಾರು ಜನ ಹೋಗಿ ಕೊನೆಯ ಒಂಬತ್ತು ಜನರಲ್ಲಿ ನಾನೊಬ್ಬಳಾಗಿ ಉಳಿದಿದ್ದೆ. ಕರೆಂಟ್ ಹೋಯಿತು. ಪರದೆ ಉರಿಯುತ್ತಲೇ ಇತ್ತು, ನಾನು ಗರ್ವದಿಂದ ಕೂತೇ ಇದ್ದೆ. ಆದರೆ ಎಲೆಗಳು ಅಲುಗಾಡಲಿಲ್ಲ. ಯು.ಪಿ.ಎಸ್.ಗೆ ಕಂಪ್ಯೂಟರ್ ಸೇರಿಸಿದ್ದ ನಾವಿಬ್ಬರೂ ಮೋಡೆಮ್ ಸೇರಿಸಲು ಮರೆತಿದ್ದೆವು. ಹತ್ತು ಹದಿನೈದು ವರ್ಷ ವಿದ್ಯುತ್ತಿನ ಪಾಠ ಹೇಳಿದ ಭಾವ ಗೋಡೆಗೆ ಹಣೆ ಒರಗಿಸಿಕೊಂಡು ನಿಂತಿದ್ದು ಇನ್ನೂ ಕಣ್ಣ ಮುಂದಿದೆ.

ಇನ್ನೊಂದು ಗೋವಾದಲ್ಲಿ. ಒಮ್ಮೆ ಮಾತ್ರ ನಿಜವಾದ ಮೇಜಿನಲ್ಲಿ, ಮುಖ ಕಾಣುವ ಜನರೊಂದಿಗೆ ಆಡಲು ಹೋಗಿದ್ದೆ. ಹಡಗಿನ ಮೇಲೆ ಆಟ. ಎದುರಿಗೆ ನಮ್ಮಪ್ಪನ ವಯಸ್ಸಿನ ಸೂರತ್ತಿನ ವ್ಯಾಪಾರಿ. ನಾನು ಪಣ ಏರಿಸಿದರೆ ಅವರು ಎಲೆ ಎಸೆದು, ಏನಿತ್ತು ಮಗಳೇ ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಹೇಳಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಹಿರಿಯರು ಪ್ರೀತಿಯಿಂದ ಕೇಳಿದಾಗ ಬಾಯಿ ಮುಚ್ಚಿಕೊಂಡು ಕೂರುವುದನ್ನು ಮಾತ್ರ ನನಗೆ ಮನೆಯಲ್ಲಿ ಕಲಿಸಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತ ಹೋದೆ. ಊಟದ ಹೊತ್ತಿಗೆ ನನ್ನ ಆಟವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಹೋಗುವಾಗ ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಮುಖ ಕಾಣದ ಮೇಜೇ ನನಗೆ ಸರಿ ಎಂದು ತಿಳಿದು ಊರಿಗೆ ಬಂದೆ.

ಬ್ರಾಡ್‌ಬ್ಯಾಂಡ್ ಬಂದ ಮೇಲೆ ಕೆಲಸದ ಸ್ವರೂಪವೇ ಬದಲಾಯಿತು. ಮೊದಲು ಒಂದೇ ಟೇಬಲ್, ಎದುರಿನವರ ಸ್ವಭಾವವನ್ನು ಊಹಿಸುತ್ತ ಕೂರುವಷ್ಟು ಸಮಯ. ಆಮೇಲೆ ಏಕಕಾಲಕ್ಕೆ ನಾಲ್ಕು, ಎಂಟು. ಪ್ರತಿ ಆಟಗಾರನ ಹೆಸರಿನ ಪಕ್ಕದಲ್ಲೂ ಸಾಫ್ಟ್‌ವೇರ್ ಅಂಕಿಗಳನ್ನು ತೋರಿಸತೊಡಗಿತು. ಇವನು ಎಷ್ಟು ಸಲ ಎಸೆಯುತ್ತಾನೆ, ಎಷ್ಟು ಸಲ ಏರಿಸುತ್ತಾನೆ ಎಂಬ ಅಂಕಿಗಳು. ಜನ ಹೋಗಿ ಅಂಕಿ ಉಳಿಯಿತು. ನನ್ನ ಸ್ವಭಾವಕ್ಕೆ ಇದು ಒಗ್ಗಿತು ಎಂದು ಒಪ್ಪಿಕೊಳ್ಳಬೇಕು. ಗೆಲುವು ಬಂದದ್ದೂ ಆಗಲೇ. ಆ ಸೋಮವಾರದ ದೊಡ್ಡ ಟೂರ್ನಮೆಂಟನ್ನು ಒಮ್ಮೆ ಪೂರ್ತಿ ಗೆದ್ದೆ. ಸೇತುರಾಮನ್ ಅವರ ಪಾಲು ತೀರಿಸಿ ಸ್ವತಂತ್ರಳಾದೆ. ಗೆದ್ದ ದಿನ ಅವರಿಂದ ಬಂದ ಇ-ಮೇಲ್‌ನಲ್ಲೂ ಆ ದಿನದ ಒಂದು ಆಟದ ಬಗ್ಗೆ ‘ಯಾಕೆ?’ ಎಂದೇ ಇತ್ತು. ಪೋಕರ್ ಬಲ್ಲವರ ನಡುವೆ ಪರದೆಯ ಮೇಲೆ ನಾನು ಇಟ್ಟುಕೊಂಡಿದ್ದ ಆಟದ ಹೆಸರು ಗುರುತಾದಾಗ, ಸೇತುರಾಮನ್ ಅವರ ಸಲಹೆಯಂತೆ ಹೆಸರು ಬದಲಾಯಿಸಿಕೊಂಡೆ. ಹೊಸ ಹೆಸರನ್ನು ಭಾವನಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದೇನೂ ಇರಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಕ್ಕನ ಮಗು ದೊಡ್ಡದಾಗಿ ಮುಂದಿನ ಕೋಣೆ ಅವರಿಗೆ ಬೇಕಾಯಿತು. ನಜರ್‌ಬಾದಿನಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದೆ. ಹೊಸ ಕಂಪ್ಯೂಟರ್ ಕೊಂಡು, ಹಳೆಯದನ್ನೂ ಆ ಲೈನನ್ನೂ ಭಾವನಿಗೇ ಬಿಟ್ಟೆ.

ಆಮೇಲಿನ ವರ್ಷ ಅಕ್ಕ ಬಂದಾಗಲೆಲ್ಲ ಭಾವನ ಬಗ್ಗೆ ಏನಾದರೊಂದು ಹೇಳುತ್ತಿದ್ದಳು. ಬೆಳಗಿನ ಟ್ಯೂಷನ್ ಬಿಟ್ಟರಂತೆ. ಮಗು ಹತ್ತಿರ ಹೋದರೆ ಗದರುತ್ತಾರಂತೆ. ಸೋಮವಾರ ಸೋಮವಾರ ರಜ ಹಾಕುತ್ತಾರಂತೆ, ಈಗ ರಜವೂ ಮುಗಿದು ಕಾಲೇಜಿನವರು ಸಂಬಳ ಹಿಡಿಯುತ್ತಿದ್ದಾರಂತೆ. “ಕೇಳಿದ್ರೆ ಸೋಮವಾರದ ವ್ರತ ಅಂತಾರೆ ಕಣೇ. ಬಾಗಿಲು ಹಾಕ್ಕೊಂಡು ಅದೆಂಥ ಪೂಜೆನೋ” ಎಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ನಾನು ಆಗಲೂ ಎರಡಕ್ಕೆ ಎರಡು ಸೇರಿಸಲಿಲ್ಲ.

ನನ್ನ ಟೇಬಲ್‌ಗಳಲ್ಲಿ ಒಬ್ಬ ಆಟಗಾರನಿದ್ದ. ಅವನ ಅಂಕಿಗಳು ವಿಚಿತ್ರ. ಬಂದು ಅರ್ಧ ಗಂಟೆ ಒಂದೂ ಎಲೆ ಆಡದೆ ಕೂರುತ್ತಿದ್ದ, ಆಮೇಲೆ ಒಂದೂ ಬಿಡದೆ ಆಡುತ್ತಿದ್ದ. ಅಂಥವರು ಬಂದರೆ ಮೇಜಿನ ಸುತ್ತ ಎಲ್ಲರೂ ಚುರುಕಾಗುತ್ತಾರೆ. ನಾನೂ ಅವನಿಂದ ಅನೇಕ ಸಲ ಗೆದ್ದಿದ್ದೆ. ಅವನು ಆಟದ ನಡುವೆಯೇ ಫಕ್ಕನೆ ಮಾಯವಾಗುತ್ತಿದ್ದ. ಒಂದು ವಾರ ಎಂಟಕ್ಕೆ, ಮುಂದಿನ ವಾರ ಹತ್ತಕ್ಕೆ, ಮತ್ತೊಂದು ವಾರ ಆರಕ್ಕೇ. ಶ್ರೀರಾಂಪುರದ ಕರೆಂಟಿನ ಸರದಿ ನನ್ನ ಮೈಯೊಳಗೇ ಇತ್ತು, ಆ ಸರದಿಯಲ್ಲೇ ವರ್ಷಗಟ್ಟಲೆ ಆಡಿದವಳು ನಾನು. ಅಷ್ಟಾದರೂ ಅಮೆರಿಕದ ಯಾವುದೋ ಊರಿನಲ್ಲೂ ಹೀಗೇ ಹೋಗುತ್ತದೇನೋ ಎಂದುಕೊಂಡೆ.

ಒಂದು ಸೋಮವಾರ ಅವನು ಅರ್ಧ ಗಂಟೆ ಕಾದು, ಮೊದಲ ಸಲ ಗೆದ್ದ. ಗೆದ್ದು, ಪರದೆಯ ಮೂಲೆಯಲ್ಲಿ ಮಾತು ಬರೆಯುವ ಜಾಗದಲ್ಲಿ ‘ಬೋಣಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ. ಟೆಕ್ಸಾಸಿನವನೊಬ್ಬ ಅದು ಯಾರು, ನಿನ್ನ ಹೆಂಡತಿಯೇ ಎಂದು ಕೇಳಿದ. ಇನ್ನೊಬ್ಬ ನಕ್ಕ. ನಾನು ಎಂಟೂ ಟೇಬಲ್ ಬಿಟ್ಟು ಎದ್ದೆ.

ಅಂದು ಶ್ರೀರಾಂಪುರದ ಸರದಿ ಎಂಟರಿಂದ ಹತ್ತು. ಆಟೋ ಹಿಡಿದು ಕರೆಂಟ್ ಹೋದ ಮೇಲೆ ತಲುಪುವ ಹಾಗೆ ಹೋದೆ. ಕರೆಂಟ್ ಇದ್ದಾಗ ಆ ಬಾಗಿಲು ತಟ್ಟುವುದರಿಂದ ಪ್ರಯೋಜನವಿಲ್ಲ ಎಂದು ಈ ಕೆಲಸ ಮಾಡಿದವರಿಗೆ ಗೊತ್ತು. ಅಕ್ಕ ಮಗುವನ್ನು ಶಾಲೆಗೆ ಬಿಡಲು ಹೋಗಿದ್ದಳು. ಭಾವ ಕತ್ತಲಾದ ಪರದೆಯ ಮುಂದೆ ಕೂತಿದ್ದರು. ಹಣೆಯಲ್ಲಿ ವಿಭೂತಿ ಇತ್ತು. ಹಳೆಯ ಯು.ಪಿ.ಎಸ್. ಎಂದೋ ಕೆಟ್ಟಿರಬೇಕು.

ಬಾ ಎಂದರು, ಕಾಫಿ ಕುಡಿದ್ಯಾ ಎಂದು ಕೇಳಿದರು. ನಾನು ನಿಂತೇ ಇದ್ದೆ.

“ಭಾವ, ಬೋಣಿ ಅಂತ ಬರೆದ್ರಲ್ಲ.”

ಅವರು ಪರದೆಯ ಕಡೆ ತಿರುಗಿದರು. ಅಲ್ಲಿ ಅವರದೇ ಮುಖ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

“ನೀನು ಆ ಟೇಬಲಲ್ಲಿದ್ಯಾ?”

“ಇದ್ದೆ.”

“ಹಿಂದಿನ ವಾರವೂ?”

“ಹೂಂ.”

ಸುಳ್ಳು ಹೇಳುತ್ತಾರೆ, ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ನನ್ನ ಕಡೆ ತಿರುಗಿಸಿ ಕೇಳಿದ್ದು ಬೇರೆ. “ನಾನು ಹೆಂಗಾಡ್ತೀನಿ? ನಿಜ ಹೇಳು.”

ಅವರ ಮುಖದಲ್ಲಿ ಆಸೆ ಇತ್ತು. ಅದನ್ನು ನೋಡಿ ನನಗೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. “ಚೆನ್ನಾಗಿ ಆಡಲ್ಲ ಭಾವ” ಎಂದೆ. “ನೀವು ಬಂದ್ರೆ ಎಲ್ಲಾರೂ ಕಾಯ್ತಾ ಕೂತಿರ್ತಾರೆ.”

“ಹಂಗಾದ್ರೆ ಕಲಿಸು.”

ಕಲಿಸಿದರೆ ಬರುವುದಿಲ್ಲ ಎಂದು ಹೇಗೆ ಹೇಳಲಿ? ಎಸೆಯುವುದು ಅವರ ಸ್ವಭಾವದಲ್ಲೇ ಇಲ್ಲ. ಯಾರಿಗಾದರೂ ಏನಾದರೂ ಕೊಡುತ್ತ, ಮುರಿದದ್ದನ್ನು ಜೋಡಿಸುತ್ತ ಬಂದ ಮನುಷ್ಯ ಅವರು. ಕೆಟ್ಟ ಎಲೆ ಬಂದರೂ ಅದನ್ನು ರಿಪೇರಿ ಮಾಡಬಹುದೆಂದು ಹಿಡಿದುಕೊಳ್ಳುತ್ತಾರೆ. ಇದನ್ನೆಲ್ಲ ಹೇಳದೆ, ಬಿಟ್ಟುಬಿಡಿ ಎಂದಷ್ಟೇ ಕೇಳಿಕೊಂಡೆ. ಅಕ್ಕ ಸಂಬಳದ ಮಾತು ಹೇಳಿದ್ದನ್ನು ಹೇಳಿದೆ. ಮಗು ಹೆದರುತ್ತದೆ ಎಂಬುದನ್ನೂ ಹೇಳಿದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿದರು. ಬಿಡಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ ಎಂದರು. ಎರಡು ಸಲ ಲೈನ್ ಕೂಡ ಕಿತ್ತು ಹಾಕಿ ಮತ್ತೆ ತಾವೇ ಜೋಡಿಸಿದ್ದರಂತೆ.

“ಬಿಡಕ್ಕೆ ಹೋದ್ರೆ ನೀನು ಕಣ್ಮುಂದೆ ಬರ್ತೀಯ ಕಣಮ್ಮ,” ಎಂದರು. “ಇದೇ ಕುರ್ಚಿ, ಇದೇ ಕಂಪ್ಯೂಟ್ರು. ನನ್ನ ಕಣ್ಣೆದುರಿಗೇ ಮೇಲೆ ಬಂದೆ. ನಿನಗೆ ಬಂದದ್ದು ನನಗೆ ಬರದೆ ಎಲ್ಲಿಗೆ ಹೋಗುತ್ತೆ, ಇನ್ನೊಂದು ವಾರ ನೋಡ್ಬುಡೋಣ ಅನ್ಸುತ್ತೆ. ನೀನು ಅಲ್ಲಿ ಕೂತಿರೋ ತನಕ ನನ್ನ ಕೈಲಿ ಏಳಕ್ಕಾಗಲ್ಲ.”

ನನ್ನನ್ನು ಕಟ್ಟಿಹಾಕಲು ಅವರು ಇದನ್ನು ಹೇಳಲಿಲ್ಲ. ವೈದ್ಯರ ಮುಂದೆ ನೋವು ಎಲ್ಲಿದೆ ಎಂದು ತೋರಿಸುವ ಹಾಗೆ ಹೇಳಿದರು. ಆದ್ದರಿಂದ ವಾದಿಸಲು ಏನೂ ಉಳಿಯಲಿಲ್ಲ. ಅವರ ತರ್ಕದಲ್ಲಿ ತಪ್ಪಿತ್ತು. ನನ್ನ ಗೆಲುವು ಅವರ ಗೆಲುವಿಗೆ ಯಾವ ಆಧಾರವೂ ಆಗುವುದಿಲ್ಲ. ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ತೋರಿಸಿದರೆ ಅವರು ಒಪ್ಪಿಕೊಂಡು, ಮುಂದಿನ ಸೋಮವಾರ ಮತ್ತೆ ಕೂರುತ್ತಿದ್ದರು.

ಪಾಠ ಬಿಟ್ಟ ಮೇಲೆ ನನಗೆ ಬೇರೆ ಕೆಲಸ ಇರಲಿಲ್ಲ. ಇದರಲ್ಲಿ ಮಾತ್ರ ನಾನು ಯಾರಿಗೂ ತಲೆಬಾಗದೆ, ಯಾರ ಕಣ್ಣಿಗೂ ಬೀಳದೆ ಬದುಕಿದ್ದೆ. ದಣಿವು ಆಗಲೇ ಆವರಿಸಿತ್ತು ನಿಜ. ಎಂಟು ಟೇಬಲ್‌ಗಳ ಅಂಕಿ ಕಣ್ಣು ಮುಚ್ಚಿದರೂ ಓಡುತ್ತಿತ್ತು. ಆದರೆ ದಣಿದವರೆಲ್ಲ ಕೆಲಸ ಬಿಡುವುದಿಲ್ಲ. ನಾನು ಇನ್ನೂ ಹತ್ತು ವರ್ಷ ಆಡುತ್ತಿದ್ದೆ.

ಹೀಗೆ ನಿಂತಿರುವಾಗಲೇ ಕರೆಂಟ್ ಬಂತು. ಆ ದಿನ ಬೇಗ ಬಂದುಬಿಟ್ಟಿತ್ತು. ಫ್ಯಾನ್ ತಿರುಗಿತು, ಮೋಡೆಮ್ಮಿನ ಹಸಿರು ದೀಪ ಮಿಣುಕಿತು. ಭಾವನ ಕೈ ತಾನಾಗಿಯೇ ಕಂಪ್ಯೂಟರಿನ ಗುಂಡಿಯ ಕಡೆ ಹೋಗಿ, ನನ್ನನ್ನು ನೋಡಿ, ತೊಡೆಯ ಮೇಲೆ ಬಂದು ಕೂತಿತು.

“ನಾನು ಬಿಟ್ಟೆ ಭಾವ,” ಎಂದೆ. “ಇವತ್ತಿಂದ ಇಲ್ಲ.”

ಅವರು ಬೇಡ ಎಂದರು. ಅದು ನಿನ್ನ ಅನ್ನ, ನಾನು ಹಾಗೆ ಹೇಳಲಿಲ್ಲ ಎಂದರು. ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು, ಮೊದಲು ನನ್ನ ಖಾತೆ ತೆರೆದು ಅವರ ಕಣ್ಣೆದುರೇ ಮುಚ್ಚಿದೆ. ಆಮೇಲೆ ಅವರು ತಮ್ಮದನ್ನು ಮುಚ್ಚಿದರು. ಖಂಡಿತವೇ ಎಂದು ಯಂತ್ರ ಇಬ್ಬರನ್ನೂ ಎರಡೆರಡು ಸಲ ಕೇಳಿತು. ಅಕ್ಕ ಬಂದಾಗ ನಾವು ಕಂಪ್ಯೂಟರಿನ ಧೂಳು ಒರೆಸುತ್ತಿದ್ದೆವು.

ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು ಹೇಳಬೇಕೆಂದರೆ, ನಿಮ್ಮ ಗೆಲುವನ್ನು ಪಕ್ಕದಲ್ಲಿ ನಿಂತು ನೋಡುತ್ತಿರುವವರು ಯಾರೆಂದು ಆಗಾಗ ನೋಡಿಕೊಳ್ಳಿ. ಎದುರು ಕೂತವರನ್ನು ನೋಡಲು ಸಾಫ್ಟ್‌ವೇರ್ ಇದೆ, ಇವರನ್ನು ನೋಡಲು ಇಲ್ಲ. ಬೇರೆ ಬುದ್ಧಿವಾದ ನನ್ನಲ್ಲಿಲ್ಲ. ಈಗ ಒಂದು ಸಮೀಕ್ಷಾ ಕಛೇರಿಯಲ್ಲಿ ಅಂಕಿ ಅಂಶ ಜೋಡಿಸುತ್ತೇನೆ. ಸಂಬಳ ಸಣ್ಣದು, ಮೇಲಧಿಕಾರಿ ಯಾಕೆ ಎಂದು ಯಾವತ್ತೂ ಕೇಳುವುದಿಲ್ಲ.

ಭಾವ ಸೋಮವಾರ ಕೆಲಸಕ್ಕೆ ಹೋಗುತ್ತಾರೆಂದು ಅಕ್ಕ ಹೇಳುತ್ತಿದ್ದಳು. ಅವರು ಮಾತು ಉಳಿಸಿಕೊಂಡರೇ ಎಂದು ನಾನು ಪರೀಕ್ಷೆ ಮಾಡಲು ಹೋಗಲಿಲ್ಲ.

ಹೋದ ವರ್ಷ ನೆಂಟರ ಮದುವೆ. ಧಾರೆ ಮುಗಿದು ಊಟಕ್ಕೆ ಎಲೆ ಹಾಕಲು ಇನ್ನೂ ಹೊತ್ತಿತ್ತು. ಛತ್ರದ ಮಹಡಿಯ ಕೋಣೆಯಲ್ಲಿ ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಜಮಖಾನ ಹಾಸಿ ರಮ್ಮಿಗೆ ಜನ ಸೇರಿಸುತ್ತಿದ್ದರು. ನಾನು ಯಾರದೋ ಮಗುವಿಗೆ ನೀರು ಹುಡುಕಿಕೊಂಡು ಅಲ್ಲಿಗೆ ಹೋಗಿದ್ದೆ. ಭಾವ ಕಿಟಕಿಯ ಹತ್ತಿರ ನಿಂತಿದ್ದರು.

“ಬಾರಯ್ಯ ಮಲ್ಲೇಶ, ಒಂದು ಕೈ ಕಮ್ಮಿ ಬಿದ್ದದೆ” ಎಂದು ಚಿಕ್ಕಪ್ಪ ಕರೆದರು.

ಭಾವ ನನ್ನ ಕಡೆ ನೋಡಲಿಲ್ಲ. “ನಂಗೆ ಬರಲ್ಲ ಮಾವ” ಎಂದರು.

“ಥೂ ನಿನ್ನ, ಗಂಡಸಾಗಿ ರಮ್ಮಿ ಬರಲ್ವೇನೋ. ನೀನಾದ್ರೂ ಬಾಮ್ಮ, ಲೆಕ್ಕ ಓದಿರೋಳು.”

ನನಗೂ ಬರುವುದಿಲ್ಲ ಎಂದೆ.

ಚಿಕ್ಕಪ್ಪ ಪಕ್ಕದವರ ತೊಡೆ ತಟ್ಟಿ ನಕ್ಕರು. “ಎಂ.ಎಸ್ಸಿ. ಓದ್ಬುಟ್ಟು ಇಸ್ಪೀಟ್ ಬರಲ್ವಂತೆ ಕಣ್ರೀ. ಬಾ ಇಲ್ಲಿ, ಕೂತ್ಕೋ, ನೋಡಿದ್ರೆ ಬತ್ತದೆ” ಎಂದು ನನ್ನ ಕೈ ಹಿಡಿದು ಕೂರಿಸಿಕೊಂಡರು. ಕಟ್ಟಿನಿಂದ ಒಂದು ಎಲೆ ತೆಗೆದು ನನ್ನ ಮುಖದ ಮುಂದೆ ಹಿಡಿದು, ಒಂದನೆಯ ತರಗತಿಯ ಮೇಷ್ಟ್ರ ಹಾಗೆ ನಿಧಾನವಾಗಿ ಹೇಳಿದರು:

“ಇದು ಎಕ್ಕ. ಇದಕ್ಕಿಂತ ದೊಡ್ಡದು ಇಲ್ಲ.”

“ಹೌದಾ ಚಿಕ್ಕಪ್ಪ” ಎಂದೆ.

ಭಾವ ಊಟಕ್ಕೆ ಎಲೆ ಹಾಕಿದರೇ ನೋಡಿಬರುತ್ತೇನೆಂದು ಕೆಳಗೆ ಹೋದರು.